ವಿಂಟೇಜ್, ರೀಇಶ್ಯೂ, ಕೈಯಲ್ಲಿ ಮಾಡಿದ ಕ್ಲೋನ್: ನಮ್ಮ ಬೇಸಿಗೆಗೆ ಯಾವ ಫಜ್?

ಎಲೆಕ್ಟ್ರಿಕ್ ಗಿಟಾರಿನ ನಾದವನ್ನು ಒರಟಾಗಿ ಒಡೆಯುವ ಪೆಡಲ್‌ಗೆ ಫಜ್ ಎನ್ನುತ್ತಾರೆ. ಅವುಗಳಲ್ಲಿ ಹೆಸರಾದ ಫಜ್ ಫೇಸ್‌ನ ದುಂಡು ಡಬ್ಬಿ ಬಿಚ್ಚಿದರೆ ಒಳಗೆ ಸಿಗುವುದು ಹನ್ನೊಂದೇ ಬಿಡಿಭಾಗ: ಎರಡು ಟ್ರಾನ್ಸಿಸ್ಟರ್, ನಾಲ್ಕು ರೆಸಿಸ್ಟರ್, ಮೂರು ಕೆಪಾಸಿಟರ್, ಎರಡು ಪಾಟ್ (ತಿರುಗಿಸಿ ಬದಲಿಸುವ ರೆಸಿಸ್ಟರ್). 1966ರಲ್ಲಿ ಲಂಡನ್ನಿನ ಆರ್ಬಿಟರ್ ಕಂಪನಿ ಹೊರತಂದ ಈ ಪೆಡಲ್‌ನ ಮೊದಲ ವರ್ಷಗಳ ಒಂದು ಪ್ರತಿಗೆ ಇವತ್ತು ಲಕ್ಷ ರೂಪಾಯಿಯ ಮೇಲೆಯೇ ಬೆಲೆ. ಡನ್‌ಲಪ್ ಕಂಪನಿ ಹಳೆ ವಿನ್ಯಾಸವನ್ನೇ ಮತ್ತೆ ತಯಾರಿಸುವ ರೀಇಶ್ಯೂ ಅದರ ಹತ್ತರಲ್ಲೊಂದು ಪಾಲಿಗೆ ಬರುತ್ತದೆ, ಬಿಡಿಭಾಗ ತಂದು ಬೆಸುಗೆ ಹಾಕಿ ಕ್ಲೋನ್ (ನಕಲು) ಮಾಡಿದರೆ ಇನ್ನೂ ಅಗ್ಗ. ಇವುಗಳಲ್ಲಿ ಯಾವುದರ ನಾದ ಚೆನ್ನ ಎಂದು ಕೇಳುವ ಮೊದಲು, ಏಪ್ರಿಲ್ ತಿಂಗಳಲ್ಲಿ ಮಂಡ್ಯ ಕಡೆಯ ಊರಹಬ್ಬಕ್ಕೆ ತಗಡಿನ ಶೀಟ್ ಹೊದಿಸಿದ ವೇದಿಕೆಯ ಮೇಲೆ ಯಾವುದು ನಿಲ್ಲುತ್ತದೆ ಎಂದು ಕೇಳಬೇಕು. ಈ ವಿಮರ್ಶೆಯ ಅಳತೆಗೋಲು ಅದೇ.

ಮೊದಲ ಫಜ್ ಫೇಸ್‌ಗಳಲ್ಲಿ ಇದ್ದದ್ದು ಜರ್ಮೇನಿಯಂ ಟ್ರಾನ್ಸಿಸ್ಟರ್, ಎನ್.ಕೆ.ಟಿ. 275 ಅಥವಾ ಎ.ಸಿ. 128. ಅರವತ್ತರ ದಶಕದ ಕೊನೆಗೆ ಬಿ.ಸಿ. 108, ಬಿ.ಸಿ. 183ರಂಥ ಸಿಲಿಕಾನ್ ಬಂತು. ಟ್ರಾನ್ಸಿಸ್ಟರ್‌ಗೆ ಮೂರು ಕಾಲು: ಹತೋಟಿ ಮಾಡುವ ಬೇಸ್, ಕರೆಂಟ್ ಹರಿಯುವ ಕಲೆಕ್ಟರ್ ಮತ್ತು ಎಮಿಟರ್. ಜರ್ಮೇನಿಯಂನಲ್ಲಿ ಬೇಸ್‌ಗೆ ಏನೂ ಕೊಡದಿದ್ದರೂ ಸ್ವಲ್ಪ ಕರೆಂಟ್ ಸೋರುತ್ತಲೇ ಇರುತ್ತದೆ. ಉಷ್ಣತೆ ಸುಮಾರು 10 ಡಿಗ್ರಿ ಏರಿದರೆ ಈ ಸೋರಿಕೆ ದುಪ್ಪಟ್ಟಾಗುತ್ತದೆ. 25 ಡಿಗ್ರಿಯಲ್ಲಿ 100 ಮೈಕ್ರೋ ಆಂಪಿಯರ್ ಸೋರುವ ಟ್ರಾನ್ಸಿಸ್ಟರ್ 35 ಡಿಗ್ರಿಯಲ್ಲಿ 200 ಸೋರುತ್ತದೆ. ಶೀಟಿನ ಕೆಳಗೆ, ಪಾರ್ ಲೈಟುಗಳ ಎದುರು, ಕಪ್ಪು ಪೆಡಲ್‌ಬೋರ್ಡಿನ ಮೇಲೆ 35 ಡಿಗ್ರಿ ದೊಡ್ಡ ಮಾತೇನಲ್ಲ. ಎರಡನೇ ಟ್ರಾನ್ಸಿಸ್ಟರ್‌ನ ಕಲೆಕ್ಟರ್‌ನಲ್ಲಿ ಇರಬೇಕಾದ 4.5 ವೋಲ್ಟ್ ಜಾಗ ಬಿಟ್ಟು ಸರಿಯುತ್ತದೆ. ಬೆಳಗ್ಗೆ ಮನೆಯಲ್ಲಿ ಉದ್ದಕ್ಕೆ ಹಾಡಿದ ಸ್ವರ ವೇದಿಕೆಯ ಮೇಲೆ ಹರಿದ ಸ್ಪೀಕರಿನ ಹಾಗೆ ಪಟಪಟನೆ ಕತ್ತರಿಸಿ ಸಾಯುತ್ತದೆ. ಪೆಡಲ್ ಕೆಟ್ಟಿಲ್ಲ, ಬಯಾಸ್ (ಆ ವೋಲ್ಟೇಜ್ ನಿಲ್ಲಬೇಕಾದ ಜಾಗ) ತಪ್ಪಿದೆ ಅಷ್ಟೆ.

ಇನ್ನು ವಿಂಟೇಜ್. ಆ ಕಾಲದ ಕಾರ್ಖಾನೆಯಲ್ಲಿ ಟ್ರಾನ್ಸಿಸ್ಟರ್‌ಗಳನ್ನು ಅಳೆದು ಜೋಡಿ ಮಾಡುವ ಶಿಸ್ತು ಇರಲಿಲ್ಲ. ಹಾಗಾಗಿ ಹಳೆಯ ಹತ್ತು ಫಜ್ ಫೇಸ್‌ಗಳನ್ನು ಸಾಲಾಗಿ ಇಟ್ಟರೆ ಹತ್ತೂ ಬೇರೆ ಬೇರೆ. ಒಂದೆರಡು ಅದ್ಭುತ, ಕೆಲವು ಪರವಾಗಿಲ್ಲ, ಉಳಿದವು ಮಂಕು. ಹೆಸರು ಮಾಡಿದ್ದು ಆ ಒಂದೆರಡು, ಬೆಲೆ ಮಾತ್ರ ಹತ್ತಕ್ಕೂ ಒಂದೇ. ಜೊತೆಗೆ ಐವತ್ತು ವರ್ಷ ದಾಟಿದ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ಗಳು ಒಣಗಿರುತ್ತವೆ. ಇನ್‌ಪುಟ್‌ನ 2.2 ಮೈಕ್ರೋಫ್ಯಾರಡ್ ಒಣಗಿದರೆ ದಪ್ಪ ತಂತಿಗಳ ತೂಕ ಹೋಗುತ್ತದೆ. ಫಜ್ ಪಾಟ್‌ಗೆ ಸೇರಿದ 20 ಮೈಕ್ರೋಫ್ಯಾರಡ್ ಒಣಗಿದರೆ ಪಾಟನ್ನು ಪೂರ್ತಿ ತಿರುಗಿಸಿದರೂ ಫಜ್ ಏರುವುದಿಲ್ಲ. ಇವೆರಡನ್ನು ಬದಲಿಸಿದರೆ ‘ಒರಿಜಿನಲ್’ ಎಂಬ ಬೆಲೆ ಇಳಿಯುತ್ತದೆ, ಬದಲಿಸದಿದ್ದರೆ ನುಡಿಸಲು ಬರುವುದಿಲ್ಲ. ಎನ್.ಕೆ.ಟಿ. 275 ಎಂದು ಹೊಸದಾಗಿ ಮುದ್ರೆ ಒತ್ತಿದ ನಕಲಿ ಟ್ರಾನ್ಸಿಸ್ಟರ್‌ಗಳೂ ಮಾರುಕಟ್ಟೆಯಲ್ಲಿ ಸಾಕಷ್ಟಿವೆ. ವಿದೇಶದಲ್ಲಿರುವ ನೆಂಟರ ಕೈಲಿ ಹಳೆಯದನ್ನು ತರಿಸುವವರು ಒಳಗಿನ ಬೋರ್ಡಿನ ಎರಡೂ ಬದಿಯ ಸ್ಪಷ್ಟ ಫೋಟೋ ಕೇಳದೆ ಹಣ ಕೊಡಬೇಡಿ. ಟ್ರಾನ್ಸಿಸ್ಟರ್ ಕಾಲಿನ ಹತ್ತಿರ ಬೆಸುಗೆ ಹೊಳೆಯುತ್ತಿದ್ದು ಉಳಿದ ಕಡೆ ಮಸುಕಾಗಿದ್ದರೆ ಅದನ್ನು ಯಾರೋ ಬದಲಿಸಿದ್ದಾರೆ.

ರೀಇಶ್ಯೂಗಳಲ್ಲಿ ನಮ್ಮ ಕಡೆಗೆ ಹೆಚ್ಚು ಹೊಂದುವುದು ಸಿಲಿಕಾನ್. ಡನ್‌ಲಪ್‌ನ ದೊಡ್ಡ ನೀಲಿ ಜೆ.ಎಚ್.ಎಫ್. 1ರಲ್ಲಿ ಬಿ.ಸಿ. 108 ಇದೆ. ಬಿಸಿಲಿಗೆ ಅದು ಅಲುಗಾಡುವುದಿಲ್ಲ. ಆದರೆ ಅಡಾಪ್ಟರ್ ಜ್ಯಾಕ್ ಇಲ್ಲ, ಬ್ಯಾಟರಿಯೊಂದೇ ಗತಿ. ಇದನ್ನು ದೊಡ್ಡ ಕೊರತೆ ಎಂದು ಎಣಿಸಬೇಕಿಲ್ಲ: ಈ ಸರ್ಕ್ಯೂಟ್ ಎಳೆಯುವ ಕರೆಂಟ್ 1 ಮಿಲಿ ಆಂಪಿಯರ್‌ಗೂ ಕಡಿಮೆ. ಎಲೆಕ್ಟ್ರಿಕ್ ಅಂಗಡಿಯಲ್ಲಿ ಸಿಗುವ ಸಾಧಾರಣ ಕಾರ್ಬನ್-ಜಿಂಕ್ 9 ವೋಲ್ಟ್ ಬ್ಯಾಟರಿಯೂ ತಿಂಗಳುಗಟ್ಟಲೆ ಬರುತ್ತದೆ. ನುಡಿಸಿದ ಮೇಲೆ ಇನ್‌ಪುಟ್ ಕೇಬಲ್ ಕೀಳಬೇಕು, ಏಕೆಂದರೆ ಬ್ಯಾಟರಿಯ ಸ್ವಿಚ್ ಆ ಜ್ಯಾಕಿನಲ್ಲೇ ಇದೆ. ಮಿನಿ ಮಾದರಿಗಳಲ್ಲಿ ಅಡಾಪ್ಟರ್ ಜ್ಯಾಕ್ ಮತ್ತು ಎಲ್‌ಇಡಿ ಎರಡೂ ಇವೆ, ಜಾಗವೂ ಕಡಿಮೆ. ಬೋರ್ಡಿನ ಮೇಲೆ ನಾಲ್ಕೈದು ಪೆಡಲ್ ಇಡುವವರಿಗೆ ಮಿನಿಯೇ ಸರಿ.

ಸಿಲಿಕಾನ್‌ಗೂ ಒಂದು ಕಷ್ಟ ಇದೆ. ಬಿ.ಸಿ. 108ರ ‘ಸಿ’ ದರ್ಜೆಯಲ್ಲಿ ಗೇನ್ (ಕರೆಂಟನ್ನು ಎಷ್ಟು ಪಟ್ಟು ಹಿಗ್ಗಿಸುತ್ತದೆ ಎಂಬ ಲೆಕ್ಕ) 400ರ ಮೇಲೆ. ಹಾಗಾಗಿ ಕಿರುಚು ಹೆಚ್ಚು, ಸುಯ್ ಶಬ್ದ ಹೆಚ್ಚು, ಹತ್ತಿರದ ಮೊಬೈಲಿನ ಗುರುಗುರು ಕೂಡ ಸೇರಿಕೊಳ್ಳುತ್ತದೆ. ಮೊದಲ ಟ್ರಾನ್ಸಿಸ್ಟರ್‌ನ ಕಲೆಕ್ಟರ್ ಮತ್ತು ಬೇಸ್ ನಡುವೆ 47ರಿಂದ 100 ಪಿಕೋಫ್ಯಾರಡ್‌ನ ಸೆರಾಮಿಕ್ ಕೆಪಾಸಿಟರ್ ಹಾಕಿದರೆ ತುದಿಯ ಚೂಪು ಮಾಯುತ್ತದೆ, ರೇಡಿಯೋ ಗದ್ದಲವೂ ತಗ್ಗುತ್ತದೆ.

ಇಷ್ಟಾದರೂ ಗಿಟಾರಿನ ವಾಲ್ಯೂಮನ್ನು ಏಳಕ್ಕೆ ಇಳಿಸಿದಾಗ ಜರ್ಮೇನಿಯಂ ಕೊಡುವ ಆ ಗಾಜಿನಂಥ ತಿಳಿ ನಾದವನ್ನು ಸಿಲಿಕಾನ್ ಅಷ್ಟು ಸುಲಭವಾಗಿ ಕೊಡುವುದಿಲ್ಲ. ಅದು ಬೇಕೇ ಬೇಕು ಎನ್ನುವವರಿಗೆ ಕೈಯಲ್ಲಿ ಮಾಡಿದ ಕ್ಲೋನ್ ಉಳಿದೆರಡಕ್ಕಿಂತ ಮೇಲು ಎಂಬುದು ನಮ್ಮ ಖಚಿತ ಅಭಿಪ್ರಾಯ. ಕಾರಣ ಸರಳ: ಮಾಡುವವರು ಟ್ರಾನ್ಸಿಸ್ಟರ್ ಆರಿಸಬಹುದು, ಬಯಾಸ್ ತಿರುಗಿಸುವ ಗುಬ್ಬಿಯನ್ನು (ನಾಬ್) ಡಬ್ಬಿಯ ಹೊರಗೇ ಇಡಬಹುದು.

ಟ್ರಾನ್ಸಿಸ್ಟರ್‌ಗೆ ಇಂಗ್ಲೆಂಡಿಗೆ ಬರೆಯಬೇಕಿಲ್ಲ. ಹಳೆಯ ಟ್ರಾನ್ಸಿಸ್ಟರ್ ರೇಡಿಯೋಗಳ ಔಟ್‌ಪುಟ್ ಹಂತದಲ್ಲಿ ಎ.ಸಿ. 128 ಜೋಡಿಯಾಗಿ ಕೂತಿರುತ್ತಿತ್ತು, ಬೆಂಗಳೂರಿನ ಬಿ.ಇ.ಎಲ್. ಕೂಡ ಒಂದು ಕಾಲದಲ್ಲಿ ಜರ್ಮೇನಿಯಂ ಟ್ರಾನ್ಸಿಸ್ಟರ್ ತಯಾರಿಸುತ್ತಿತ್ತು. ಮೈಸೂರು, ಮಂಡ್ಯದ ಹಳೆ ರೇಡಿಯೋ ರಿಪೇರಿ ಅಂಗಡಿಯ ಡಬ್ಬಗಳಲ್ಲಿ ಇಂಥವು ಇನ್ನೂ ಉಳಿದಿದ್ದರೆ ಆಶ್ಚರ್ಯವಿಲ್ಲ, ಕೇಳಿ ನೋಡಿ. ಉಳಿದ ರೆಸಿಸ್ಟರ್, ಪಾಟ್, ಮೂರು ಪೋಲಿನ ಕಾಲುಸ್ವಿಚ್‌ಗೆ ಬೆಂಗಳೂರಿನ ಎಸ್.ಪಿ. ರಸ್ತೆ ಅಥವಾ ಆನ್‌ಲೈನ್.

ತಂದ ಟ್ರಾನ್ಸಿಸ್ಟರನ್ನು ಮಲ್ಟಿಮೀಟರಿನ ಗೇನ್ ತೂತಿಗೆ ಸಿಕ್ಕಿಸಿ ನಂಬಬೇಡಿ. ಅದು ಸೋರಿಕೆಯನ್ನೂ ಗೇನ್ ಎಂದೇ ಲೆಕ್ಕ ಹಾಕುತ್ತದೆ. ಸರಿಯಾದ ಕ್ರಮ ಹೀಗೆ: ಎಮಿಟರನ್ನು 9 ವೋಲ್ಟ್ ಬ್ಯಾಟರಿಯ ಪ್ಲಸ್‌ಗೆ ಸೇರಿಸಿ. ಕಲೆಕ್ಟರ್‌ನಿಂದ 2.2ಕೆ ಮತ್ತು 270 ಓಮ್ ರೆಸಿಸ್ಟರ್‌ಗಳನ್ನು ಒಂದರ ಹಿಂದೆ ಒಂದರಂತೆ ಜೋಡಿಸಿ ಮೈನಸ್‌ಗೆ ಎಳೆಯಿರಿ. ಬೇಸ್ ಖಾಲಿ ಇರಲಿ. ಈ ಎರಡು ರೆಸಿಸ್ಟರ್‌ಗಳ ತುದಿಯಿಂದ ತುದಿಗೆ ವೋಲ್ಟೇಜ್ ಅಳೆಯಿರಿ. 0.25 ವೋಲ್ಟ್ ಬಂದರೆ ಸೋರಿಕೆ ಸುಮಾರು 100 ಮೈಕ್ರೋ ಆಂಪಿಯರ್. ಈಗ ಬೇಸ್‌ನಿಂದ ಮೈನಸ್‌ಗೆ 2.2 ಮೆಗಾ ಓಮ್ ಸೇರಿಸಿ ಮತ್ತೆ ಅಳೆಯಿರಿ. ಎರಡನೇ ಅಳತೆಯಿಂದ ಮೊದಲನೆಯದನ್ನು ಕಳೆದು ನೂರರಿಂದ ಗುಣಿಸಿದರೆ ನಿಜವಾದ ಗೇನ್. ಉದಾಹರಣೆಗೆ 1.05ರಲ್ಲಿ 0.25 ಕಳೆದರೆ 0.80, ಅಂದರೆ ಗೇನ್ 80. ಬೆರಳಲ್ಲಿ ಹಿಡಿದ ಬಿಸಿಗೇ ಅಳತೆ ಏರುತ್ತದೆ, ಸಿಕ್ಕಿಸಿ ಎರಡು ನಿಮಿಷ ಸುಮ್ಮನೆ ಬಿಟ್ಟು ನೋಡಿ.

ಮೊದಲ ಟ್ರಾನ್ಸಿಸ್ಟರ್‌ಗೆ 70–80, ಎರಡನೆಯದಕ್ಕೆ 110–130 ಗೇನ್ ಇದ್ದರೆ ಚೆಂದ. ಸೋರಿಕೆಯಲ್ಲಿ 200 ಮೈಕ್ರೋ ಆಂಪಿಯರ್‌ವರೆಗೂ ನಡೆಯುತ್ತದೆ ಎನ್ನುವುದು ತಂಪು ದೇಶದ ಲೆಕ್ಕ. ನಮಗೆ 100ರ ಒಳಗಿರಲಿ. ಎರಡನೇ ಟ್ರಾನ್ಸಿಸ್ಟರ್‌ನ 8.2ಕೆ ರೆಸಿಸ್ಟರ್ ಜಾಗದಲ್ಲಿ 10ಕೆ ಪಾಟ್ ಹಾಕಿ, ಕಲೆಕ್ಟರ್‌ನಲ್ಲಿ 4.5 ವೋಲ್ಟ್ ಬರುವ ತನಕ ತಿರುಗಿಸಿ. ಮಾಘಮಾಸದ ಚಳಿಯಲ್ಲಿ ಒಂದು ಕಡೆ, ಚೈತ್ರದ ಸೆಕೆಯಲ್ಲಿ ಇನ್ನೊಂದು ಕಡೆ ಗುಬ್ಬಿ ನಿಲ್ಲುತ್ತದೆ. ಅದಕ್ಕೇ ಅದು ಹೊರಗಿರಬೇಕು. ಟ್ರಾನ್ಸಿಸ್ಟರನ್ನು ನೇರ ಬೆಸುಗೆ ಹಾಕದೆ ಸಾಕೆಟ್‌ನಲ್ಲಿ ಕೂರಿಸಿ, ಐರನ್‌ನ ಬಿಸಿಗೆ ಜರ್ಮೇನಿಯಂ ಬೇಗ ಕೆಡುತ್ತದೆ. ಯಾರ ಕೈಲಾದರೂ ಮಾಡಿಸುವುದಾದರೆ ಎರಡೂ ಟ್ರಾನ್ಸಿಸ್ಟರ್‌ಗಳ ಗೇನ್ ಮತ್ತು ಸೋರಿಕೆಯನ್ನು ಬರೆದುಕೊಡಿ ಎಂದು ಕೇಳಿ. ಬರೆದುಕೊಡಲು ಹಿಂಜರಿದರೆ ಅವರು ಅಳೆದಿಲ್ಲ.

ಕ್ಲೋನ್‌ಗಳಲ್ಲಿ ಅತಿ ಹೆಚ್ಚು ಎಡವಟ್ಟಾಗುವುದು ಪವರ್‌ನಲ್ಲಿ. ಎ.ಸಿ. 128 ಪಿ.ಎನ್.ಪಿ. ಜಾತಿಯದು, ಹಳೆ ವಿನ್ಯಾಸದಲ್ಲಿ ಬ್ಯಾಟರಿಯ ಪ್ಲಸ್ ನೆಲಕ್ಕೆ (ಗ್ರೌಂಡ್‌ಗೆ) ಸೇರುತ್ತದೆ. ಬಾಕಿ ಪೆಡಲ್‌ಗಳಲ್ಲಿ ಮೈನಸ್ ನೆಲ. ಒಂದೇ ಅಡಾಪ್ಟರ್‌ನಿಂದ ಎಲ್ಲಕ್ಕೂ ಕವಲು ತೆಗೆದರೆ ಗಿಟಾರ್ ಕೇಬಲಿನ ಹೊರಜಾಲದ ಮೂಲಕ ಪ್ಲಸ್–ಮೈನಸ್ ಕೂಡಿ ನೇರ ಶಾರ್ಟ್. ಪ್ರತ್ಯೇಕ ಬ್ಯಾಟರಿ ಕೊಡಿ, ಇಲ್ಲವೇ ವೋಲ್ಟೇಜ್ ತಿರುಗಿಸುವ ಐಸಿ ಹಾಕಿಸಿ. ಮ್ಯಾಕ್ಸ್ 1044 ಹಾಕುವುದಾದರೆ ಒಂದನೇ ಕಾಲನ್ನು ಪ್ಲಸ್‌ಗೆ ಸೇರಿಸಬೇಕು, ಆಗ ಅದರ ಕೀರಲು ಶಬ್ದ ಕಿವಿಗೆ ಕೇಳದಷ್ಟು ಮೇಲೆ ಹೋಗುತ್ತದೆ. ಅದು ತಾಳುವುದು 10 ವೋಲ್ಟ್ ಮಾತ್ರ. 9 ಎಂದು ಬರೆದು 12–13 ವೋಲ್ಟ್ ಕೊಡುವ ಅಗ್ಗದ ಅಡಾಪ್ಟರ್‌ಗೆ ಸುಟ್ಟುಹೋಗುತ್ತದೆ. ಎಲ್.ಟಿ. 1054 ಆದರೆ 15 ವೋಲ್ಟ್ ತಾಳುತ್ತದೆ, ಅದರ ಒಂದನೇ ಕಾಲನ್ನು ಮಾತ್ರ ಪ್ಲಸ್‌ಗೆ ಕಟ್ಟಬಾರದು.

ಯಾವ ಫಜ್ ಫೇಸ್ ಆದರೂ ಗಿಟಾರಿನ ಪಕ್ಕದ ಮೊದಲ ಪೆಡಲ್ ಅದೇ ಆಗಬೇಕು. ಅದರ ಇನ್‌ಪುಟ್ ಗಿಟಾರಿನ ಪಿಕಪ್ ಜೊತೆ ನೇರ ಮಾತಾಡುತ್ತದೆ. ನಡುವೆ ಟ್ಯೂನರಿನ ಬಫರ್ (ಪಿಕಪ್ಪನ್ನು ಬೇರ್ಪಡಿಸಿ ಸಿಗ್ನಲನ್ನು ಮುಂದೆ ಕಳಿಸುವ ಸರ್ಕ್ಯೂಟ್) ಬಂದರೆ ನಾದ ತಗಡಾಗುತ್ತದೆ, ವಾಲ್ಯೂಮ್ ಇಳಿಸಿದರೂ ತಿಳಿಯಾಗುವುದಿಲ್ಲ. ಆರ್ಕೆಸ್ಟ್ರಾದವರು ಬಳಸುವ ವೈರ್‌ಲೆಸ್ ಕಿಟ್ಟೂ ಒಂದು ಬಫರೇ. ಇಂಥಲ್ಲಿ ಫಜ್‌ನ ಇನ್‌ಪುಟ್‌ಗೆ ಸಾಲಾಗಿ 50ಕೆ ಪಾಟ್ ಹಾಕಿ ಕಿವಿಗೆ ಒಪ್ಪುವಷ್ಟು ತಿರುಗಿಸಿದರೆ ಬಹುಪಾಲು ಸರಿಹೋಗುತ್ತದೆ.

ಬಿಗ್ ಮಫ್ ಎಂಬ ಫಜ್ ಬೇರೆ ಜಾತಿ. ಎಲೆಕ್ಟ್ರೋ-ಹಾರ್ಮೋನಿಕ್ಸ್ 1969ರ ಹೊತ್ತಿಗೆ ತಂದ ಇದರಲ್ಲಿ ನಾಲ್ಕು ಸಿಲಿಕಾನ್ ಟ್ರಾನ್ಸಿಸ್ಟರ್, ಬಿಸಿಲಿನ ಚಿಂತೆ ಇಲ್ಲ. ಇಲ್ಲಿ ವಿಂಟೇಜ್‌ಗೆ ದುಡ್ಡು ಸುರಿಯಲು ಕಾರಣವೇ ಕಾಣುವುದಿಲ್ಲ: ಅದರ ಹಳೆಯ ಮಾದರಿಗಳಾದ ಟ್ರಯಾಂಗಲ್, ರ‍್ಯಾಮ್ಸ್ ಹೆಡ್, ಗ್ರೀನ್ ರಷ್ಯನ್ ಮೂರೂ ನ್ಯಾನೋ ಗಾತ್ರದ ರೀಇಶ್ಯೂ ಆಗಿ ಬಂದಿವೆ, ಕೆಲಸ ಚೊಕ್ಕವಾಗಿದೆ. ತೊಡಕು ಟೋನ್ ಪಾಟ್‌ನದು. 39ಕೆ–10 ನ್ಯಾನೋಫ್ಯಾರಡ್ ಜೋಡಿ ಸುಮಾರು 400 ಹರ್ಟ್ಸ್ ಮೇಲೆ ಕತ್ತರಿಸುತ್ತದೆ, 22ಕೆ–4 ನ್ಯಾನೋಫ್ಯಾರಡ್ ಜೋಡಿ 1,800 ಹರ್ಟ್ಸ್ ಕೆಳಗೆ ಕತ್ತರಿಸುತ್ತದೆ. ಮಧ್ಯದಲ್ಲಿ ಹಳ್ಳ. ಕೋಣೆಯಲ್ಲಿ ಭವ್ಯವಾಗಿ ಕೇಳುವ ಇದು ಕೀಬೋರ್ಡ್, ರಿದಂ ಪ್ಯಾಡ್ ತುಂಬಿದ ವೇದಿಕೆಯಲ್ಲಿ ಕಾಣದಂತಾಗುತ್ತದೆ. ಕ್ಲೋನ್ ಮಾಡಿಸುವಾಗ 4ರ ಜಾಗಕ್ಕೆ 10 ನ್ಯಾನೋಫ್ಯಾರಡ್ ಹಾಕಿಸಿ, ಆ 1,800ರ ಗೆರೆ 720 ಹರ್ಟ್ಸ್‌ಗೆ ಇಳಿದು ಹಳ್ಳ ತುಂಬುತ್ತದೆ.

ಟೋನ್ ಬೆಂಡರ್ ಮಾರ್ಕ್ 2 ಎಂಬ ಇನ್ನೊಂದು ಹಳೆಯ ಫಜ್‌ನಲ್ಲಿ ಮೂರು ಜರ್ಮೇನಿಯಂ, ಅಂದರೆ ಸೆಕೆಯ ತೊಂದರೆ ಇನ್ನೂ ಒಂದು ಪಟ್ಟು. ಬಾಸ್ ಕಂಪನಿ ಅದರ ಮೂಲ ತಯಾರಕ ಸೋಲಾ ಸೌಂಡ್ ಜೊತೆ 2021ರಲ್ಲಿ ತಂದ ಟಿ.ಬಿ. 2ಡಬ್ಲ್ಯೂನಲ್ಲಿ 7, 9, 12 ವೋಲ್ಟ್ ಆರಿಸುವ ಸ್ವಿಚ್ ಇದೆ, ಆದರೆ ಅದು ಸೀಮಿತ ಸಂಖ್ಯೆಯಲ್ಲಿ ಬಂದದ್ದು.

ಇಲ್ಲಿನ ಬಹಳ ವೇದಿಕೆಗಳಲ್ಲಿ ಗಿಟಾರ್ ಆಂಪ್ ಇರುವುದಿಲ್ಲ, ಪೆಡಲಿನ ಸಿಗ್ನಲ್ ಡಿಐ ಬಾಕ್ಸಿನಿಂದ (ಅದನ್ನು ಮಿಕ್ಸರಿಗೆ ಹೊಂದಿಸುವ ಡಬ್ಬಿ) ನೇರ ಮಿಕ್ಸರಿಗೆ ಹೋಗುತ್ತದೆ. ಗಿಟಾರ್ ಸ್ಪೀಕರ್ 5,000 ಹರ್ಟ್ಸ್ ಮೇಲಿನದ್ದನ್ನು ತಾನೇ ನುಂಗುತ್ತದೆ, ಸಭೆಗೆ ಕೇಳಿಸುವ ಪಿಎ ಸ್ಪೀಕರ್ ನುಂಗುವುದಿಲ್ಲ. ಲಕ್ಷದ ವಿಂಟೇಜ್ ಆದರೂ ಹಾಗೆ ನೇರ ಕೊಟ್ಟರೆ ಕಣಜದ ಗೂಡು ಕೆದಕಿದಂತೆ ಕೇಳುತ್ತದೆ. ಫಜ್ ನಂತರ ಸ್ಪೀಕರ್ ಸಿಮ್ಯುಲೇಟರ್ ಇಡಿ. ಅದಿಲ್ಲದಿದ್ದರೆ ಮಿಕ್ಸರ್‌ನಲ್ಲಿ ಕೂತವರಿಗೆ ಹೇಳಿ ಆ ಚಾನೆಲ್‌ನ 5,000 ಹರ್ಟ್ಸ್ ಮೇಲಿನದ್ದನ್ನು ಪೂರ್ತಿ ಇಳಿಸಿ.