‘ನಾನು’ ಎನ್ನಲೇ, ‘ಅವಳು’ ಎನ್ನಲೇ?

ಕಥೆ ಬರೆಯಲು ಕೂತವರಿಗೆ ಮೊದಲು ಎದುರಾಗುವ ಗೊಂದಲ ಇದು. ‘ಅಮ್ಮ ಬಾಗಿಲು ಹಾಕಿಕೊಂಡಳು. ನಾನು ತಟ್ಟಲಿಲ್ಲ’ ಎಂದು ಬರೆದರೆ ಓದುಗನೂ ಆ ಹೊಸ್ತಿಲಲ್ಲೇ ನಿಲ್ಲುತ್ತಾನೆ. ಒಳಗೆ ಅಮ್ಮ ಅಳುತ್ತಿದ್ದಾಳೋ ಇಲ್ಲವೋ ಅವನಿಗೂ ಗೊತ್ತಿಲ್ಲ. ಹೀಗೆ ‘ನಾನು’ ಎಂದು ಹೇಳುವ ಉತ್ತಮ ಪುರುಷ ನಿರೂಪಣೆಯ ಬಲವೂ ಮಿತಿಯೂ ಅದೇ. ಹೇಳುವವನೇ ನಾಯಕನಾಗಬೇಕೆಂದೇನೂ ಇಲ್ಲ. ತೇಜಸ್ವಿಯವರ ‘ಕರ್ವಾಲೊ’ ಕಾದಂಬರಿಯಲ್ಲಿ (1980) ಕಥೆ ಹೇಳುವುದು ವಿಜ್ಞಾನಿ ಕರ್ವಾಲೊ ಅಲ್ಲ, ಅವರನ್ನು ಬೆರಗಿನಿಂದ ನೋಡುವ ಕೃಷಿಕ. ಆ ವಿಜ್ಞಾನಿಯ ಸುತ್ತ ನಿಗೂಢತೆ ಉಳಿಯುವುದು ಅದರಿಂದಲೇ.

‘ಅವಳು’ ಎಂದು ಬರೆದರೆ ಬಾಗಿಲಿನ ಎರಡೂ ಬದಿಗೆ ಹೋಗಬಹುದು. ಆದರೆ ಒಂದೇ ದೃಶ್ಯದಲ್ಲಿ ನಾಲ್ವರ ಮನಸ್ಸಿಗೆ ಹಾರಿದರೆ ಯಾರೂ ನಮ್ಮವರಾಗುವುದಿಲ್ಲ.

ಮೊದಲ ಕಥೆಗೆ ‘ನಾನು’ ಸಾಕು ಎನ್ನುತ್ತೇನೆ. ಮೂರು ತಲೆಮಾರಿನ ಕಥೆಯಾದರೆ ‘ಅವಳು’ ಒಳ್ಳೆಯದು. ಅನುಮಾನವಿದ್ದರೆ ಒಂದೇ ಪುಟವನ್ನು ಎರಡೂ ರೀತಿ ಬರೆದು, ಗಟ್ಟಿಯಾಗಿ ಓದಿ ನೋಡಿ.