ಅಲರ್ಜಿ ಇರುವ ಕೈಗೆ ಯಾವ ಗ್ಲೌಸ್? ಲೇಟೆಕ್ಸ್, ವಿನೈಲ್, ನೈಟ್ರೈಲ್

ಕಾಸರಗೋಡು ಕಡೆಯ ಒಂದು ಆಸ್ಪತ್ರೆಯಲ್ಲಿ ನಾನು ಸ್ಟಾಫ್ ನರ್ಸ್. ಲೇಟೆಕ್ಸ್ ಗ್ಲೌಸ್ ಹಾಕಿದ ಸ್ವಲ್ಪ ಹೊತ್ತಿಗೇ ಕೈಯಲ್ಲಿ ದದ್ದು ಏಳುತ್ತದೆ, ಕಣ್ಣು ತುರಿಸುತ್ತದೆ, ಸೀನು ಶುರುವಾಗುತ್ತದೆ. ಮಂಗಳೂರಿನ ಚರ್ಮದ ಡಾಕ್ಟರು ಪರೀಕ್ಷೆ ಮಾಡಿಸಿ, ರಬ್ಬರ್ ಹಾಲಿನಲ್ಲಿರುವ ಪ್ರೋಟೀನ್ ನಿಮಗೆ ಆಗುವುದಿಲ್ಲ ಎಂದರು. ನೇಂದ್ರ ಬಾಳೆಹಣ್ಣು ತಿಂದರೆ ಬಾಯಿ ತುರಿಸುತ್ತದಾ ಎಂದೂ ಕೇಳಿದರು. ಹೌದು, ತುರಿಸುತ್ತದೆ. ಬಾಳೆ, ಬೆಣ್ಣೆಹಣ್ಣು, ಕಿವಿ ಹಣ್ಣುಗಳಲ್ಲಿ ಅಂಥದೇ ಪ್ರೋಟೀನ್ ಇರುತ್ತದಂತೆ.

ಈಗ ನನ್ನ ಓಟು ನೈಟ್ರೈಲ್‌ಗೆ. ದುಡ್ಡು ಜಾಸ್ತಿಯಾದರೂ ಅದೇ.

ಲೇಟೆಕ್ಸಿನ ಗುಣ ಮಾತ್ರ ಒಪ್ಪಬೇಕು. ಚರ್ಮಕ್ಕೆ ಅಂಟಿ ಕೂರುತ್ತದೆ. ವಯಸ್ಸಾದವರ ಕೈಯಲ್ಲಿ ನರ ಹುಡುಕುವಾಗ ಬೆರಳ ತುದಿಗೆ ಎಲ್ಲ ಗೊತ್ತಾಗುತ್ತದೆ. ಆದರೆ ನಮ್ಮ ಗುಡ್ಡದ ತೋಟಗಳಲ್ಲಿ ಇಳಿಸುವ ಅದೇ ರಬ್ಬರ್ ಹಾಲಿನ ಗ್ಲೌಸ್ ಅದು. ಪರೀಕ್ಷೆಗೆ ಮೊದಲು ಪೌಡರ್ ಇಲ್ಲದ ಲೇಟೆಕ್ಸನ್ನೂ ಹಾಕಿದ್ದೆ. ಸೀನು ಕಡಿಮೆಯಾಯಿತು, ದದ್ದು ಹೋಗಲಿಲ್ಲ.

ವಿನೈಲ್ ಒಂದು ಬಗೆಯ ಪ್ಲಾಸ್ಟಿಕ್, ಅಗ್ಗ. ಸಡಿಲ, ಬೇಗ ಸೋರುತ್ತದೆ. ಬೆಡ್‌ಶೀಟ್ ಬದಲಿಸಲು ಸಾಕು, ರಕ್ತ ಮುಟ್ಟುವ ಕೆಲಸಕ್ಕೆ ಬೇಡವೇ ಬೇಡ.

ನೈಟ್ರೈಲ್ ಕಾರ್ಖಾನೆಯಲ್ಲಿ ಮಾಡಿದ ರಬ್ಬರ್. ಅದರಲ್ಲಿ ಮರದ ಹಾಲೇ ಇಲ್ಲ, ಹಾಗಾಗಿ ಆ ಪ್ರೋಟೀನೂ ಇಲ್ಲ. ಕೈ ಒಡೆದರೆ ತೆಂಗಿನೆಣ್ಣೆ ಹಚ್ಚುವುದು ನನ್ನ ರೂಢಿ. ಎಣ್ಣೆ ತಾಗಿದರೆ ಲೇಟೆಕ್ಸ್ ಬೇಗ ಹಾಳಾಗುತ್ತದೆ, ನೈಟ್ರೈಲ್ ತಡೆದುಕೊಳ್ಳುತ್ತದೆ. ಎಳೆತ ಸ್ವಲ್ಪ ಕಡಿಮೆ, ಅದಕ್ಕೆ ಸೈಜ್ ಸರಿ ಇರಬೇಕು. ನಮ್ಮ ಮಳೆಗಾಲದ ಸೆಕೆಗೆ ಒಳಗೆ ಕೈ ಬೆವರುತ್ತದೆ.

ಆದರೆ ನೈಟ್ರೈಲ್ ಹಾಕಿದ ಮೇಲೂ ವಾರ್ಡಿನಲ್ಲಿ ನನಗೆ ಸೀನು ನಿಲ್ಲಲಿಲ್ಲ. ಕೈಯಲ್ಲಿ ದದ್ದಿಲ್ಲ, ಮನೆಯಲ್ಲಿ ಏನೂ ಇಲ್ಲ. ಡ್ರೆಸ್ಸಿಂಗ್ ರೂಮಿಗೆ ಹೋದರೆ ಸಾಕು, ಮೂಗು ಸೋರುತ್ತಿತ್ತು, ಒಮ್ಮೊಮ್ಮೆ ಎದೆಯೂ ಬಿಗಿಯುತ್ತಿತ್ತು.

ಕಾರಣ ಪಕ್ಕದಲ್ಲಿ ಕೆಲಸ ಮಾಡುತ್ತಿದ್ದ ಚೇಚಿಯ (ಮಲಯಾಳಂನಲ್ಲಿ ಅಕ್ಕ) ಕೈಯಲ್ಲಿತ್ತು. ಅವರು ಹಾಕುತ್ತಿದ್ದದ್ದು ಪೌಡರ್ ಇರುವ ಲೇಟೆಕ್ಸ್. ಆ ಪೌಡರ್ ಮೆಕ್ಕೆಜೋಳದ ಪಿಷ್ಟ. ಲೇಟೆಕ್ಸಿನ ಪ್ರೋಟೀನ್ ಅದಕ್ಕೆ ಅಂಟಿಕೊಳ್ಳುತ್ತದೆ. ಗ್ಲೌಸನ್ನು ಟಪ್ ಎಂದು ಎಳೆದು ತೆಗೆಯುವಾಗ ಪೌಡರ್ ಗಾಳಿಗೆ ಹಾರುತ್ತದೆ, ಜೊತೆಗೆ ಪ್ರೋಟೀನೂ. ಫ್ಯಾನ್ ತಿರುಗುತ್ತಿದ್ದರೆ ಕೇಳುವುದೇ ಬೇಡ. ಅಂದರೆ ನನ್ನ ಕೈಗೆ ಎಷ್ಟೇ ದುಡ್ಡು ಸುರಿದರೂ ರೂಮಿನ ಗಾಳಿ ಬದಲಾಗದೆ ಪ್ರಯೋಜನ ಇರಲಿಲ್ಲ.

ಚೇಚಿಗೆ ಹೇಳಿದ ಕೂಡಲೇ ಅವರು ಬಿಟ್ಟರು. ಆದರೆ ಸ್ಟೋರಿನಿಂದ ಬರುತ್ತಿದ್ದದ್ದೇ ಪೌಡರಿನ ಪೆಟ್ಟಿಗೆ. ನರ್ಸಿಂಗ್ ಸುಪರಿಂಟೆಂಡೆಂಟ್ ಮೇಡಂ ಹತ್ತಿರ ಹೋಗಿ ಕೂತು ಮಾತಾಡಿದೆ. ಅಮೆರಿಕದಲ್ಲಿ 2017ರ ಜನವರಿಯಿಂದ ಪೌಡರ್ ಗ್ಲೌಸಿಗೆ ನಿಷೇಧ ಇದೆ ಎಂದು ತೋರಿಸಿದೆ. ಈ ಪೌಡರ್ ನನಗೊಬ್ಬಳಿಗೆ ಮಾತ್ರ ಅಲ್ಲ, ಅಲರ್ಜಿ ಇರುವ ರೋಗಿಗೂ ಅಪಾಯ ಅಲ್ವಾ? ಈಗ ನಮ್ಮ ವಾರ್ಡಿಗೆ ಪೌಡರ್ ಇಲ್ಲದ್ದೇ ಬರುತ್ತದೆ. ಬೇರೆಯವರು ಲೇಟೆಕ್ಸ್ ಹಾಕಿದರೂ ನಾನು ಪಕ್ಕದಲ್ಲಿ ನಿಂತು ಕೆಲಸ ಮಾಡುತ್ತೇನೆ.

ಒಂದು ಮಾತು: ನೈಟ್ರೈಲ್ ಹಾಕಿದವರಿಗೂ ಕೆಲವೊಮ್ಮೆ ತುರಿಕೆ ಬರುತ್ತದೆ. ರಬ್ಬರ್ ಗಟ್ಟಿಯಾಗಲು ಸೇರಿಸುವ ಆಕ್ಸಿಲರೇಟರ್ ಎಂಬ ರಾಸಾಯನಿಕಗಳು ಅದಕ್ಕೆ ಕಾರಣ ಇರಬಹುದು. ಆ ದದ್ದು ಒಂದೆರಡು ದಿನ ತಡವಾಗಿ ಕಾಣಿಸಿಕೊಳ್ಳುತ್ತದೆ. ಅಂಥವರಿಗೆ ಆಕ್ಸಿಲರೇಟರ್ ಇಲ್ಲದ ನೈಟ್ರೈಲ್ ಸಿಗುತ್ತದೆ. ಒದ್ದೆ ಕೈಗೆ ಗ್ಲೌಸ್ ಏರಿಸಿದರೂ ಚರ್ಮ ಕೆಡುತ್ತದೆ. ಆದ್ದರಿಂದ ಸುಮ್ನೆ ಊಹಿಸದೆ ಮೊದಲು ಪರೀಕ್ಷೆ ಮಾಡಿಸಿ.

ಆಸ್ಪತ್ರೆಯಿಂದ ನೈಟ್ರೈಲ್ ಬರುವುದು ತಡವಾದರೆ ಸಣ್ಣ ಸೈಜಿನ ಒಂದು ಪೆಟ್ಟಿಗೆ ನಾನೇ ಕೊಳ್ಳುತ್ತೇನೆ. ಸಂಬಳದಲ್ಲಿ ಅದಕ್ಕೆ ಬೇರೆ ದುಡ್ಡು ಎತ್ತಿಡುತ್ತೇನೆ. ಡ್ರಿಪ್ ಹಾಕಲು, ರಕ್ತ ತೆಗೆಯಲು ಅದು. ಆಪರೇಷನ್ ಥಿಯೇಟರ್ ಡ್ಯೂಟಿ ಬಿದ್ದರೆ ಲೇಟೆಕ್ಸ್ ಇಲ್ಲದ ಸ್ಟೆರೈಲ್ ಜೋಡಿ ಬೇಕೆಂದು ಹಿಂದಿನ ದಿನವೇ ಹೇಳಿಡುತ್ತೇನೆ.