ಆಸ್ಟಿನ್ ವಿಶ್ವವಿದ್ಯಾಲಯದ ಬಂದೂಕು ನಿಯಮ: ಕೋವಿ ಇರುವ ಮನೆಯಿಂದ ಬಂದ ತಾಯಿಯ ಅಭಿಪ್ರಾಯ

ಆಸ್ಟಿನ್‌ನ ಟೆಕ್ಸಸ್ ವಿಶ್ವವಿದ್ಯಾಲಯದ ಹಾಸ್ಟೆಲ್ ಹೇಗಿದೆ, ಊಟ ಹೇಗಿದೆ, ಬಸ್ಸು ಎಷ್ಟು ಹೊತ್ತಿಗೊಂದು ಬರುತ್ತದೆ ಎಂದು ಬರೆದವರು ಬೇಕಾದಷ್ಟು ಜನ ಇದ್ದಾರೆ. ನಾನು ಬರೆಯುತ್ತಿರುವುದು ಅಲ್ಲಿನ ಬಂದೂಕು ನಿಯಮಗಳ ಬಗ್ಗೆ. ಮಕ್ಕಳನ್ನು ದೂರದ ಊರಿಗೆ ಓದಲು ಕಳಿಸುವವರಿಗೆ ಗ್ರಂಥಾಲಯ, ಪ್ರಯೋಗಾಲಯಗಳ ಹಾಗೆಯೇ ಸುರಕ್ಷತೆಯೂ ಆ ಸಂಸ್ಥೆ ಒದಗಿಸಬೇಕಾದ ಸೇವೆ. ಅದನ್ನೂ ತೂಗಿ ನೋಡಬೇಕು. ನನ್ನ ಮಗಳು ಅಲ್ಲಿ ಪಿಎಚ್.ಡಿ. ಮಾಡುತ್ತಾ ಪದವಿ ವಿದ್ಯಾರ್ಥಿಗಳಿಗೆ ಪಾಠವನ್ನೂ ಹೇಳುತ್ತಾಳೆ. ಅವಳ ಜೊತೆ ಇದ್ದ ದಿನಗಳಲ್ಲಿ ಆ ನಿಯಮಗಳನ್ನು ಮೊದಲಿನಿಂದ ಕೊನೆಯವರೆಗೆ ಓದಿದೆ, ಅರ್ಥವಾಗದ್ದನ್ನು ಅವಳನ್ನು ಕೇಳಿ ತಿಳಿದುಕೊಂಡೆ.

ಬಂದೂಕು ಎಂದ ಕೂಡಲೇ ಬೆಚ್ಚಿಬೀಳುವವಳು ನಾನಲ್ಲ. ನಮ್ಮದು ವಿರಾಜಪೇಟೆ ಕಡೆಯ ಕೊಡವ ಮನೆತನ. ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯದ ಜಮೀನಿನ ಹಿಡುವಳಿದಾರರಿಗೂ ಕೋವಿ ಇಟ್ಟುಕೊಳ್ಳಲು ಶಸ್ತ್ರಾಸ್ತ್ರ ಕಾಯ್ದೆಯ ಪರವಾನಗಿಯಿಂದ ವಿನಾಯಿತಿ ಇದೆ. ಕೇಂದ್ರ ಸರ್ಕಾರ ಅದನ್ನು 2019ರಲ್ಲಿ ಹತ್ತು ವರ್ಷಕ್ಕೆ ಮುಂದುವರಿಸಿತು, ಕರ್ನಾಟಕ ಹೈಕೋರ್ಟ್ 2021ರಲ್ಲಿ ಅದನ್ನು ಎತ್ತಿಹಿಡಿಯಿತು. ನಮ್ಮ ಆಯುಧಪೂಜೆಯ ಹಬ್ಬವಾದ ಕೈಲ್ ಮುಹೂರ್ತದ ದಿನ ನೆಲ್ಲಕ್ಕಿಯಲ್ಲಿ, ಅಂದರೆ ನಡುಮನೆಯಲ್ಲಿ, ಕೋವಿ ಇಟ್ಟು, ತೋಕ್ ಪೂ ಎಂಬ ಹೂ ಮುಡಿಸಿ, ಗಂಧ ಹಚ್ಚಿ ಕೈಮುಗಿಯುವುದನ್ನು ನೋಡುತ್ತಾ ಬೆಳೆದವಳು ನಾನು. ಆದ್ದರಿಂದ ಈ ಬರಹವನ್ನು ಬಂದೂಕಿನ ಮೇಲಿನ ದ್ವೇಷ ಎಂದು ಯಾರೂ ತಳ್ಳಿಹಾಕಬಾರದು.

ಮೊದಲು ಕಾನೂನಿನ ವಿಷಯ. ಟೆಕ್ಸಸ್ ರಾಜ್ಯಪಾಲ ಗ್ರೆಗ್ ಅಬಾಟ್ ಅವರು 2015ರ ಜೂನ್‌ನಲ್ಲಿ ಸಹಿ ಹಾಕಿದ ಸೆನೆಟ್ ಮಸೂದೆ 11ರ ಪ್ರಕಾರ, ಪರವಾನಗಿ ಇರುವವರು ಸರ್ಕಾರಿ ವಿಶ್ವವಿದ್ಯಾಲಯಗಳ ಕಟ್ಟಡಗಳೊಳಗೆ ಕೈಬಂದೂಕನ್ನು ಮರೆಮಾಚಿ ಒಯ್ಯಬಹುದು. ಜನ ಇದನ್ನು ಕ್ಯಾಂಪಸ್ ಕ್ಯಾರಿ ಎನ್ನುತ್ತಾರೆ. ವಿಶ್ವವಿದ್ಯಾಲಯದ ಅಧ್ಯಕ್ಷರು ಕೆಲವು ಸ್ಥಳಗಳನ್ನು ಹೊರಗಿಡಬಹುದೇ ಹೊರತು ಇಡೀ ಆವರಣಕ್ಕೆ ನಿಷೇಧ ಹೇರುವಂತಿಲ್ಲ. ಸುತ್ತುಬಳಸಿ ಅದೇ ಪರಿಣಾಮ ಬರುವ ನಿಯಮವನ್ನೂ ಮಾಡುವಂತಿಲ್ಲ. ಕಾನೂನು ಜಾರಿಗೆ ಬಂದದ್ದು 2016ರ ಆಗಸ್ಟ್ 1ರಂದು. ಸರಿಯಾಗಿ ಐವತ್ತು ವರ್ಷಗಳ ಹಿಂದೆ, 1966ರ ಅದೇ ದಿನ, ಇದೇ ವಿಶ್ವವಿದ್ಯಾಲಯದ ಟವರ್‌ನ 28ನೆಯ ಮಹಡಿಯ ವೀಕ್ಷಣಾ ಕಟ್ಟೆಯಿಂದ ಒಬ್ಬ ಯುವಕ ಒಂದೂವರೆ ಗಂಟೆಗೂ ಹೆಚ್ಚು ಹೊತ್ತು ಕೆಳಗಿನವರ ಮೇಲೆ ಗುಂಡು ಹಾರಿಸಿ ಹತ್ತಾರು ಜನರನ್ನು ಕೊಂದು ಗಾಯಗೊಳಿಸಿದ್ದ. ಐವತ್ತನೆಯ ವರ್ಷದ ಆ ದಿನ ಟವರ್‌ನ ಗಡಿಯಾರವನ್ನು ಗುಂಡಿನ ದಾಳಿ ಶುರುವಾದ ಗಳಿಗೆಗೆ, ಅಂದರೆ 11.48ಕ್ಕೆ ನಿಲ್ಲಿಸಿ, ಆಮೆಗಳ ಕೊಳದ ಬಳಿ ಸತ್ತವರ ಹೆಸರು ಕೆತ್ತಿದ ಗ್ರಾನೈಟ್ ಬಂಡೆಯನ್ನು ಅರ್ಪಿಸಿದರು. ಕಾನೂನಿಗೆ ಬೇರೆ ಯಾವ ದಿನವೂ ಸಿಗಲಿಲ್ಲವೇ ಎಂದು ಆ ಬಂಡೆಯ ಮುಂದೆ ನಿಂತಾಗ ನನಗೆ ನಿಜವಾಗಿಯೂ ಸಂಕಟವಾಯಿತು.

ಈ ಕಾನೂನಿನ ಪರ ಇರುವವರ ಮಾತನ್ನೂ ಕೇಳಬೇಕು. 1966ರ ಆ ದಿನ ಊರಿನ ಕೆಲವರು ತಮ್ಮ ಬೇಟೆಯ ಬಂದೂಕುಗಳನ್ನು ತಂದು ಕೆಳಗಿನಿಂದ ಗುಂಡು ಹಾರಿಸಿದ್ದರಿಂದ ಅವನು ಗೋಡೆಯ ಮರೆಗೆ ಸರಿಯಬೇಕಾಯಿತು ಎಂದು ಅವರು ನೆನಪಿಸುತ್ತಾರೆ. ಅದು ನಡೆದದ್ದು ಹೌದು. ಆದರೆ ಅವು ಬಯಲಿನಲ್ಲಿ ಹಿಡಿದು ನಿಂತ ಉದ್ದ ಬಂದೂಕುಗಳು. ಈ ಕಾನೂನು ಒಳಗೆ ಬಿಟ್ಟಿರುವುದು ಅಂಗಿಯ ಕೆಳಗೆ ಅಡಗುವ ಪಿಸ್ತೂಲನ್ನು. ಉದ್ದ ಬಂದೂಕನ್ನು ಅದು ಮುಟ್ಟಿಯೇ ಇಲ್ಲ. 2015ರಲ್ಲಿ ಟೆಕ್ಸಸ್ ವಿಶ್ವವಿದ್ಯಾಲಯ ವ್ಯವಸ್ಥೆಯ ಕುಲಪತಿಯಾಗಿದ್ದ ವಿಲಿಯಂ ಮೆಕ್‌ರೇವನ್ ಈ ಮಸೂದೆಯನ್ನು ವಿರೋಧಿಸಿ ಪತ್ರ ಬರೆದಿದ್ದರು. ಅವರು ನೌಕಾಪಡೆಯ ನಿವೃತ್ತ ಅಡ್ಮಿರಲ್, ಒಸಾಮಾ ಬಿನ್ ಲಾಡೆನ್ ವಿರುದ್ಧದ ಕಾರ್ಯಾಚರಣೆಯ ಉಸ್ತುವಾರಿ ವಹಿಸಿದ್ದವರು. ಆಯುಧದ ಜೊತೆಯಲ್ಲೇ ಬದುಕಿದವರು ತರಗತಿಗೆ ಅದು ಬೇಡ ಎಂದಾಗ ಕಿವಿಗೊಡಬೇಕಿತ್ತು.

ಇನ್ನು ವಿಶ್ವವಿದ್ಯಾಲಯ ತಾನು ರೂಪಿಸಿದ ನಿಯಮಗಳು. ಕಾನೂನು ಮೇಲಿನಿಂದ ಬಂದದ್ದು, ಅದಕ್ಕೆ ವಿಶ್ವವಿದ್ಯಾಲಯ ಹೊಣೆಯಲ್ಲ. ಸಿಕ್ಕಷ್ಟು ಜಾಗದಲ್ಲಿ ಅದು ಏನು ಮಾಡಿತು ಎಂಬುದಕ್ಕೆ ನಾನು ಅಂಕ ಕೊಡುತ್ತೇನೆ. ಆಗಿನ ಅಧ್ಯಕ್ಷ ಗ್ರೆಗರಿ ಫೆನ್ವೆಸ್ 19 ಸದಸ್ಯರ ಸಮಿತಿಯೊಂದನ್ನು ನೇಮಿಸಿದರು. ಅದರಲ್ಲಿ ಬಂದೂಕಿನ ಒಡೆಯರೂ ಪರವಾನಗಿದಾರರೂ ಇದ್ದರು. ತರಗತಿಗಳಲ್ಲಿ ಬಂದೂಕು ಇರದಿರುವುದೇ ಒಳ್ಳೆಯದು ಎಂಬುದು ತಮ್ಮೆಲ್ಲರ ಅಭಿಪ್ರಾಯ ಎಂದು ಆ ಸಮಿತಿ 2015ರ ಡಿಸೆಂಬರ್‌ನ ವರದಿಯಲ್ಲಿ ಬರೆಯಿತು. ಆದರೂ ತರಗತಿಗಳನ್ನು ಮುಚ್ಚಿದರೆ ಅದು ಇಡೀ ಆವರಣಕ್ಕೇ ನಿಷೇಧ ಹೇರಿದಂತೆ ಆಗಿ ಕಾನೂನು ಮುರಿದಂತಾಗುತ್ತದೆ ಎಂದು ಕೈಬಿಟ್ಟಿತು. ಫೆನ್ವೆಸ್ ಕೂಡ ಮನಸ್ಸಿಲ್ಲದೆಯೇ ಇದಕ್ಕೆ ಒಪ್ಪುತ್ತಿರುವುದಾಗಿ ಬಹಿರಂಗವಾಗಿ ಹೇಳಿದರು. ಈ ಪ್ರಾಮಾಣಿಕತೆ ನನಗೆ ಹಿಡಿಸಿತು.

ಒಳ್ಳೆಯ ಅಂಶಗಳಲ್ಲಿ ನನಗೆ ಎಲ್ಲಕ್ಕಿಂತ ಮೆಚ್ಚಿಗೆಯಾದದ್ದು ಒರೆಯ (ಹೋಲ್‌ಸ್ಟರ್) ನಿಯಮ. ಬಂದೂಕಿನ ಕುದುರೆಯನ್ನೂ (ಟ್ರಿಗರ್) ಅದರ ಸುತ್ತಲಿನ ಕಾವಲು ಬಳೆಯನ್ನೂ ಪೂರ್ತಿ ಮುಚ್ಚುವ ಒರೆಯಲ್ಲೇ ಬಂದೂಕು ಇರಬೇಕು. ಯಾರಾದರೂ ಡಿಕ್ಕಿ ಹೊಡೆದು ಅಲುಗಿದರೂ ಅದು ಜಾರದಷ್ಟು ಬಿಗಿ ಆ ಒರೆಗಿರಬೇಕು. ಇದನ್ನು ಬರೆದವರಿಗೆ ಕೋವಿಯ ಗುಣ ಗೊತ್ತಿದೆ. ಆಯುಧ ತಾನಾಗಿ ಸಿಡಿಯುವುದಿಲ್ಲ, ಕುದುರೆಗೆ ಏನಾದರೂ ತಗುಲಿಯೇ ಸಿಡಿಯುವುದು. ಕೈಚೀಲದಲ್ಲಿ ಕೀಲಿಕೈಗಳ ಜೊತೆ ಬಂದೂಕು ಹಾಕಿಕೊಂಡು ಓಡಾಡುವವರನ್ನು ಈ ಒಂದು ವಾಕ್ಯ ತಡೆಯುತ್ತದೆ. ಗುಂಡನ್ನು ನಳಿಗೆಯ ಕೋಣೆಗೆ ಏರಿಸಿ ಇಟ್ಟುಕೊಳ್ಳಬಾರದು ಎಂಬ ಇನ್ನೊಂದು ನಿಯಮವನ್ನೂ ಫೆನ್ವೆಸ್ ಸೇರಿಸಿದ್ದರು. ನನ್ನ ಮಟ್ಟಿಗೆ ಇಡೀ ಕರಡಿನಲ್ಲಿ ಅತಿ ವಿವೇಕದ ಮಾತು ಅದು. ಹುಲಿ ಬೇಟೆಗೆ ಹೊರಟವರೂ ಮನೆಯೊಳಗೆ ಕೋವಿ ತುಂಬಿಸಿಕೊಂಡು ಕೂರುತ್ತಿರಲಿಲ್ಲ ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಆದರೆ 2016ರ ಜುಲೈಯಲ್ಲಿ ಆಡಳಿತ ಮಂಡಳಿ ಅದನ್ನು ತೆಗೆದುಹಾಕಿತು. ಈ ಒಂದು ಕಾರಣಕ್ಕೇ ನಾನು ಇಡೀ ಒಂದು ಅಂಕ ಕಡಿತ ಮಾಡುತ್ತೇನೆ.

ಹೊರಗಿಟ್ಟ ಸ್ಥಳಗಳ ಪಟ್ಟಿ ಯೋಚಿಸಿ ಮಾಡಿದ್ದು. ಅಪಾಯಕಾರಿ ರಾಸಾಯನಿಕ ಮತ್ತು ಸ್ಫೋಟಕಗಳಿರುವ ಪ್ರಯೋಗಾಲಯ, ಎಂಆರ್‌ಐ ಯಂತ್ರದಂತೆ ಲೋಹ ಒಗ್ಗದ ಉಪಕರಣಗಳ ಜಾಗ, ಪ್ರಾಣಿ ಸಂಶೋಧನಾಲಯ, ಚಿಕಿತ್ಸೆ ಮತ್ತು ಆಪ್ತಸಲಹೆಯ ಕೋಣೆಗಳು, ಟಿಕೆಟ್ ಇರುವ ಕ್ರೀಡಾಕೂಟ, ಇಲ್ಲೆಲ್ಲ ಬಂದೂಕು ಇಲ್ಲ. ಹಾಸ್ಟೆಲ್ ಕೋಣೆಯಲ್ಲಿ ವಿದ್ಯಾರ್ಥಿ ಬಂದೂಕು ಇಟ್ಟುಕೊಳ್ಳುವಂತಿಲ್ಲ. ಆದರೆ ಅದೇ ಹಾಸ್ಟೆಲ್‌ನ ಊಟದ ಹಾಲ್‌ಗೆ, ಕುಳಿತು ಓದುವ ಜಾಗಕ್ಕೆ ತರಬಹುದು. ನೋಡಲು ಬಂದ ತಂದೆತಾಯಿಗೆ ಪರವಾನಗಿ ಇದ್ದರೆ ಕೋಣೆಗೂ ತರಬಹುದು. ಮಗುವನ್ನು ನೋಡಲು ಬರುವಾಗ ಬಂದೂಕು ಏಕೆ ಬೇಕು ಎಂಬುದು ನನಗಂತೂ ಅರ್ಥವಾಗಿಲ್ಲ.

ನನ್ನ ಮುಖ್ಯ ಆಕ್ಷೇಪ ಕಚೇರಿ ಕೋಣೆಗಳದ್ದೇ. ಒಬ್ಬರೇ ಕೂರುವ ಕಚೇರಿ ಇರುವ ಪ್ರಾಧ್ಯಾಪಕರು ತಮ್ಮ ಕೋಣೆಗೆ ಬಂದೂಕು ತರಬೇಡಿ ಎಂದು ಹೇಳಬಹುದು. ಬಾಯಿಮಾತಿನಲ್ಲಿ ಹೇಳಬೇಕು. ಭೇಟಿಗೆ ಬರುವವರು ಬಂದೂಕು ಇಟ್ಟುಕೊಂಡಿರುವ ಸಾಧ್ಯತೆ ಇದ್ದರೆ ಬೇರೆ ಕಡೆ ಭೇಟಿಯಾಗುವ ಏರ್ಪಾಡನ್ನೂ ಅವರೇ ಮಾಡಬೇಕು. ಇಷ್ಟಾದರೂ ಅವರಿಗೆ ಬೇಡ ಎನ್ನುವ ಹಕ್ಕಿದೆ. ಹಂಚಿಕೊಂಡ ಕೋಣೆಯಲ್ಲಿ ಕೂರುವವರಿಗೆ ಅದೂ ಇಲ್ಲ. ಪಾಠ ಹೇಳುವ ಸಂಶೋಧನಾ ವಿದ್ಯಾರ್ಥಿಗಳು ಸಾಮಾನ್ಯವಾಗಿ ಮೂರು ನಾಲ್ಕು ಜನ ಒಂದೇ ಕೋಣೆಯಲ್ಲಿ ಇರುತ್ತಾರೆ. ನನ್ನ ಮಗಳೂ ಹಾಗೆಯೇ. ಹೊಸದಾಗಿ ಮನೆ ಬಿಟ್ಟು ಬಂದ ಹತ್ತೊಂಬತ್ತು ಇಪ್ಪತ್ತರ ಹುಡುಗ ಹುಡುಗಿಯರ ಉತ್ತರ ಪತ್ರಿಕೆಗೆ ಅಂಕ ಹಾಕುವವರು, ಅಂಕ ಕಡಿಮೆಯಾಯಿತೆಂದು ಅಳುವವರನ್ನೂ ರೇಗುವವರನ್ನೂ ಮೊದಲು ಎದುರಿಸುವವರು ಇವರೇ. ಸಂಬಳ ಕಡಿಮೆ, ಹುದ್ದೆ ತಾತ್ಕಾಲಿಕ, ನಮ್ಮ ಮಕ್ಕಳಾದರೆ ವೀಸಾದ ಚಿಂತೆ ಬೇರೆ. ಇವರಿಗೆ ಇಲ್ಲದ ಹಕ್ಕು ಸ್ವಂತ ಕೋಣೆ ಇರುವವರಿಗೆ ಸಿಗುತ್ತದೆ ಎಂದರೆ ಸುರಕ್ಷತೆಯನ್ನು ಹುದ್ದೆಯ ಅಳತೆಯಲ್ಲಿ ಹಂಚಿದಂತಾಯಿತು. ಕೋಣೆಯಲ್ಲಿರುವ ಎಲ್ಲರೂ ಒಪ್ಪಿದರೆ ಆ ಕೋಣೆಗೂ ಅದೇ ಹಕ್ಕು ಸಿಗಲಿ ಎಂದು ಕೇಳುವುದರಲ್ಲಿ ತಪ್ಪೇನಿದೆ?

ಎದುರು ಕುಳಿತವರ ಬಳಿ ಬಂದೂಕು ಇದೆಯೇ ಎಂದು ಕೇಳುವಂತೆಯೂ ಇಲ್ಲ. ಪೊಲೀಸರನ್ನು ಬಿಟ್ಟು ಬೇರೆ ಯಾರೂ ಪರವಾನಗಿಯ ಬಗ್ಗೆ ಉತ್ತರ ಹೇಳಲೇಬೇಕೆಂದು ಒತ್ತಾಯಿಸಲಾಗದು. ಒಯ್ಯುವವರು ಅದನ್ನು ಕಾಣದ ಹಾಗೆ ಇಡಬೇಕು. ಬೇಕೆಂದೇ ಇತರರಿಗೆ ಕಾಣಿಸಿದರೆ ಒಂದು ವರ್ಷದವರೆಗೆ ಜೈಲು, 4,000 ಡಾಲರ್‌ವರೆಗೆ ದಂಡ. ಹೆದರಿಸಬಾರದು ಎಂಬ ಸದುದ್ದೇಶ ಇದರ ಹಿಂದಿದೆ, ಒಪ್ಪುತ್ತೇನೆ. ಆದರೆ ನಮ್ಮಲ್ಲಿ ಕೋವಿ ಯಾವ ಮನೆಯಲ್ಲಿದೆ, ಯಾರ ಕೈಯಲ್ಲಿದೆ ಎಂದು ಊರಿಗೆಲ್ಲ ಗೊತ್ತು. ಕುಡಿದು ಕೋವಿ ಮುಟ್ಟಿದವನನ್ನು ಮನೆಯ ಹಿರಿಯರೇ ಗದರಿಸುತ್ತಾರೆ. ಎಲ್ಲರ ಕಣ್ಣಿಗೆ ಬೀಳುವುದರಿಂದಲೇ ಅದಕ್ಕೊಂದು ಕಟ್ಟುಪಾಡು. ಅಷ್ಟಿದ್ದೂ ನಮ್ಮಲ್ಲಿ ಅನಾಹುತಗಳು ಆಗಿವೆ, ಮುಚ್ಚಿಡುವುದಿಲ್ಲ. ಆಸ್ಟಿನ್‌ನಲ್ಲಿ ಬಂದೂಕು ಯಾರ ಬಳಿ ಇದೆಯೆಂದು ಯಾರಿಗೂ ತಿಳಿಯದಿರುವುದೇ ವ್ಯವಸ್ಥೆಯ ತಿರುಳು. "ಅವ್ವ, ಯಾರ ಹತ್ತಿರವೂ ಇಲ್ಲ ಅಂದುಕೊಂಡೇ ಪಾಠ ಮಾಡುತ್ತೇನೆ, ಇಲ್ಲದಿದ್ದರೆ ಮಾಡಲು ಆಗುವುದಿಲ್ಲ" ಎಂದು ಮಗಳು ಹೇಳಿದಳು. ಮೂವರು ಪ್ರಾಧ್ಯಾಪಕಿಯರು ಇದೇ ಅಳುಕಿನಿಂದ ನ್ಯಾಯಾಲಯಕ್ಕೆ ಹೋದರು. ಬಂದೂಕಿನ ಭಯದಲ್ಲಿ ತರಗತಿಯ ಮುಕ್ತ ಚರ್ಚೆ ಸೊರಗುತ್ತದೆ ಎಂಬುದು ಅವರ ವಾದವಾಗಿತ್ತು. 2018ರಲ್ಲಿ ಮೇಲ್ಮನವಿ ನ್ಯಾಯಾಲಯವೂ ಅವರ ದಾವೆಯನ್ನು ಒಪ್ಪಲಿಲ್ಲ. ವಾಸ್ತುಶಿಲ್ಪ ಶಾಲೆಯ ಡೀನ್ ಆಗಿದ್ದ ಫ್ರಿಟ್ಜ್ ಸ್ಟೈನರ್ ಈ ಕಾನೂನನ್ನೂ ಒಂದು ಕಾರಣವಾಗಿ ಹೇಳಿ ಪೆನ್ಸಿಲ್ವೇನಿಯಾಕ್ಕೆ ಹೋದರು.

ಪರವಾನಗಿಯ ತರಬೇತಿಯೂ ಸಾಲದು. ನಾಲ್ಕರಿಂದ ಆರು ಗಂಟೆಯ ಪಾಠ, ಐವತ್ತು ಗುಂಡುಗಳ ಗುರಿ ಪರೀಕ್ಷೆ, ಅದರಲ್ಲಿ ನೂರಕ್ಕೆ ಎಪ್ಪತ್ತು ಬಂದರೆ ತೇರ್ಗಡೆ. ನಿಂತ ಹಲಗೆಗೆ ಗುರಿ ಇಡುವುದಕ್ಕೆ ಇಷ್ಟು ಸಾಕಾದೀತು. ನೂರು ಜನ ಕಿರುಚುತ್ತಾ ಓಡುವ ಸಭಾಂಗಣದಲ್ಲಿ ಯಾರು ಕೊಲೆಗಾರ, ಯಾರು ಕಾಪಾಡಲು ಬಂದವರು ಎಂದು ತಿಳಿಯಲು ಸಾಲದು. 2021ರಿಂದ ಟೆಕ್ಸಸ್‌ನ ಬೀದಿಯಲ್ಲಿ ಕೈಬಂದೂಕು ಒಯ್ಯಲು ಹೆಚ್ಚಿನ ವಯಸ್ಕರಿಗೆ ಪರವಾನಗಿಯೇ ಬೇಡ. ಕಾಲೇಜು ಆವರಣದಲ್ಲಿ ಮಾತ್ರ ಇಂದಿಗೂ ಬೇಕು. ಅಷ್ಟು ಉಳಿದದ್ದಕ್ಕೆ ಸಮಾಧಾನ.

ನಮ್ಮ ಕಡೆಯಿಂದ ಹೋಗುವವರು ತಿಳಿದಿರಲೇಬೇಕಾದ ಮಾತೊಂದಿದೆ. ವಿದ್ಯಾರ್ಥಿ ವೀಸಾದಲ್ಲಿ ಇರುವವರು ಬಂದೂಕು ಹೊಂದುವುದನ್ನು ಅಮೆರಿಕದ ಕೇಂದ್ರ ಕಾನೂನು ನಿಷೇಧಿಸುತ್ತದೆ; ಬೇಟೆಯ ಪರವಾನಗಿಯಂತಹ ಕೆಲವೇ ವಿನಾಯಿತಿಗಳಿವೆ. ಊರಿನಲ್ಲಿ ಕೋವಿ ಹಿಡಿದ ಅಭ್ಯಾಸವಿದೆ ಎಂದು ಗೆಳೆಯರು ಕೊಟ್ಟ ಬಂದೂಕನ್ನು ಕಾರಿನಲ್ಲಿ ಇಟ್ಟುಕೊಳ್ಳಲು ಹೋಗಬೇಡಿ, ಓದು ಮತ್ತು ವೀಸಾ ಎರಡೂ ಹೋದಾವು. ಚಾಕುವಿಗೂ ಮಿತಿ ಇದೆ. ಐದೂವರೆ ಇಂಚಿಗಿಂತ ಉದ್ದದ ಅಲಗು ಶಿಕ್ಷಣ ಸಂಸ್ಥೆಯ ಕಟ್ಟಡಗಳಲ್ಲಿ ನಿಷಿದ್ಧ. 2017ರ ಮೇ 1ರಂದು ಇದೇ ಆವರಣದಲ್ಲಿ ದೊಡ್ಡ ಬೇಟೆ ಚಾಕುವಿನಿಂದ ಒಬ್ಬ ವಿದ್ಯಾರ್ಥಿಯ ಕೊಲೆಯಾಗಿತ್ತು. ರಾಜ್ಯೋತ್ಸವದ ಕಾರ್ಯಕ್ರಮಕ್ಕೆ ಕೊಡವ ಉಡುಪಾದ ಕುಪ್ಯ ಚೇಲೆ ಉಟ್ಟು ಸೊಂಟಕ್ಕೆ ಪೀಚೆಕತ್ತಿ ಎಂಬ ಕಿರುಗತ್ತಿ ಸಿಕ್ಕಿಸಿಕೊಳ್ಳುವ ಆಸೆ ನಮ್ಮ ಹುಡುಗರಿಗೆ ಇರುತ್ತದೆ. ಮರದ ಪ್ರತಿರೂಪ ಮಾಡಿಸಿ, ಆಯೋಜಕರ ಒಪ್ಪಿಗೆಯನ್ನೂ ಬರಹದಲ್ಲಿ ಪಡೆಯಿರಿ. ಅಗಲ ಅಲಗಿನ ಒಡಿಕತ್ತಿಯ ಮಾತೇ ಬೇಡ. ಆತ್ಮರಕ್ಷಣೆಗೆ ಅಂಗಡಿಯಲ್ಲಿ ಸಿಗುವ ಚಿಕ್ಕ ಪೆಪ್ಪರ್ ಸ್ಪ್ರೇಯನ್ನು ಟೆಕ್ಸಸ್ ಕಾನೂನು ನಿಷೇಧಿಸಿಲ್ಲ. ನನ್ನ ಮಗಳ ಕೀಲಿಗೊಂಚಲಿನಲ್ಲಿ ಅದಿದೆ.

ಬಂದೂಕು ಬೇಡವೇ ಬೇಡ ಎನ್ನುವ ಪೋಷಕರಿಗೆ ಟೆಕ್ಸಸ್‌ನಲ್ಲೇ ಬೇರೆ ದಾರಿ ಇದೆ. ಖಾಸಗಿ ವಿಶ್ವವಿದ್ಯಾಲಯಗಳು ಈ ಕಾನೂನಿನಿಂದ ಹೊರಗುಳಿಯಬಹುದು. ಹ್ಯೂಸ್ಟನ್‌ನ ರೈಸ್, ವೇಕೋದ ಬೇಲರ್, ಡಲ್ಲಾಸ್‌ನ ಸದರ್ನ್ ಮೆಥಡಿಸ್ಟ್ ಹೊರಗುಳಿದಿವೆ. ಶುಲ್ಕ ದುಬಾರಿ ಎಂಬುದು ನಿಜ.

ನಿಯಮಗಳ ಸ್ಪಷ್ಟತೆಗೆ, ಒರೆಗೆ, ಹೊರಗಿಟ್ಟ ಸ್ಥಳಗಳಿಗೆ ಒಳ್ಳೆಯ ಅಂಕ. ಕಿರಿಯರಿಗೆ ಬೇಡ ಎನ್ನುವ ಹಕ್ಕು ಇಲ್ಲದ್ದಕ್ಕೆ, ಗುಂಡು ಏರಿಸಿದ ಬಂದೂಕನ್ನು ಒಳಗೆ ಬಿಟ್ಟದ್ದಕ್ಕೆ ಕಡಿತ. ಒಟ್ಟು ಐದಕ್ಕೆ ಎರಡೂವರೆ. ಕಲಿಕೆಯ ಗುಣಮಟ್ಟ ನೋಡಿದರೆ ಮಕ್ಕಳನ್ನು ಕಳಿಸಿ ಎಂದೇ ಹೇಳುತ್ತೇನೆ. ಆದರೆ ಪ್ರವೇಶ ಪತ್ರ ಬಂದ ಮೇಲೆ ವಿಭಾಗಕ್ಕೆ ಒಂದು ಪತ್ರ ಬರೆದು, ಪಾಠ ಹೇಳುವ ಸಂಶೋಧನಾ ವಿದ್ಯಾರ್ಥಿಗಳು ಎಲ್ಲಿ ಕೂರುತ್ತಾರೆ, ವಿದ್ಯಾರ್ಥಿಗಳನ್ನು ಎಲ್ಲಿ ಭೇಟಿಯಾಗುತ್ತಾರೆ, ತೆರೆದ ಜಾಗದಲ್ಲಿ ಭೇಟಿಯಾಗಲು ಅವಕಾಶವಿದೆಯೇ ಎಂದು ಕೇಳಿ. ಈ ನಿಯಮಗಳ ಬಗ್ಗೆ ವಿಶ್ವವಿದ್ಯಾಲಯ ಎರಡು ವರ್ಷಕ್ಕೊಮ್ಮೆ ಶಾಸನಸಭೆಗೆ ವರದಿ ಕೊಡಬೇಕಾಗುತ್ತದೆ. ಅಲ್ಲಿರುವ ನಮ್ಮ ಮಕ್ಕಳು ವಿದ್ಯಾರ್ಥಿ ಸಂಘಗಳ ಮೂಲಕ ಹಂಚಿಕೊಂಡ ಕೋಣೆಯ ಪ್ರಶ್ನೆಯನ್ನು ಆ ವರದಿಗೆ ಮುಂಚೆ ಎತ್ತಬೇಕು. ನನ್ನ ಮಗಳು ತನ್ನ ಕೋಣೆಯವರ ಸಹಿಗಳನ್ನು ಈಗಾಗಲೇ ತೆಗೆದುಕೊಂಡಿದ್ದಾಳೆ.